ಬಾವಿ ಕಪ್ಪೆಯ ದಾಯಾದಿಗಳು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಚಕ್ರವ್ಯೂಹದ ಶಿಲ್ಪವೊಂದಿದೆ. ಒಮ್ಮೆ ಕಂಡವರು ಮರೆಯಲಾರರು. ಸುತ್ತಿನೊಳಗೆ ಸುತ್ತು, ಒಳಹೊಕ್ಕವನಿಗೆ ಹೊರದಾರಿ ಕಾಣದಂಥ ರಚನೆ. ಅಂಥದೇ ಒಂದು ವ್ಯೂಹ ಹಲ್ಲಿನೊಳಗೂ ಇರಬಹುದೆಂದು ಮೊದಲ ಸಲ ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಡೈನೋಸಾರ್‌ಗಳ ಕಾಲದ ಕೆರೆ ಹೊಳೆಗಳಲ್ಲಿ ಬದುಕಿದ್ದ ದೈತ್ಯ ಉಭಯವಾಸಿಯ ಹಲ್ಲನ್ನು ಅಡ್ಡಡ್ಡ ಕೊಯ್ದು, ಕಾಗದದಷ್ಟು ತೆಳುವಾಗಿ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಡಬೇಕು. ಅಂಚಿನಿಂದ ನಡುವಿನತ್ತ ಹೊರಟ ಗೆರೆಗಳು ನೆಟ್ಟಗೆ ಸಾಗುವುದಿಲ್ಲ. ಮಡಿಚಿ, ಮತ್ತೆ ಮಡಿಚಿ, ಇಸ್ತ್ರಿ ಮಾಡಿದ ಸೀರೆಯ ನೆರಿಗೆಗಳಂತೆ ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಹಲ್ಲಿಗೆ ಗಟ್ಟಿತನ ಬರಲೆಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು.

ಲಂಡನ್ನಿನ ರಿಚರ್ಡ್ ಓವೆನ್ 1841ರಲ್ಲಿ ಈ ನೆರಿಗೆಗಳನ್ನು ನೋಡಿಯೇ ಆ ಪ್ರಾಣಿಯನ್ನು ‘ಲ್ಯಾಬಿರಿಂಥೊಡಾನ್’ ಎಂದು ಕರೆದರು. ಸುತ್ತುದಾರಿಯ ಹಲ್ಲಿನದು ಎಂದು ಅರ್ಥ. ಮರುವರ್ಷ, 1842ರಲ್ಲಿ, ‘ಡೈನೋಸಾರ್’ ಎಂಬ ಪದಕ್ಕೆ ಮೂಲವಾದ ಹೆಸರನ್ನು ಕೊಟ್ಟವರೂ ಅವರೇ. ಎರಡನೆಯ ಹೆಸರು ಇಂದು ಅಂಗನವಾಡಿಯ ಮಗುವಿನ ಬಾಯಲ್ಲೂ ಇದೆ. ಮೊದಲನೆಯದು ಮರೆತೇಹೋಯಿತು. ಡೈನೋಸಾರ್‌ಗಳು ಹುಟ್ಟುವ ಮೊದಲೇ ಇದ್ದು, ಅವುಗಳ ಆಳ್ವಿಕೆಯ ನಡುವೆಯೂ ಕೋಟ್ಯಂತರ ವರ್ಷ ಬಾಳಿದ ಒಂದು ಕುಲಕ್ಕೆ ಇದು ಅನ್ಯಾಯವೆಂದೇ ನನ್ನ ಅನಿಸಿಕೆ.

ನಮ್ಮ ಮಾತಿನಲ್ಲಿ ಕಪ್ಪೆಗೆ ಮೊದಲಿಂದಲೂ ಮರ್ಯಾದೆ ಕಡಿಮೆ. ಲೋಕಜ್ಞಾನವಿಲ್ಲದವನನ್ನು ಬಾವಿ ಕಪ್ಪೆ ಎನ್ನುತ್ತೇವೆ. ಸುಮ್ಮನೆ ಮಾತಾಡುವವನನ್ನು ವಟಗುಟ್ಟುತ್ತಾನೆ ಎನ್ನುತ್ತೇವೆ. ಮಳೆ ಬಾರದಿದ್ದರೆ ಮಾತ್ರ ಕಪ್ಪೆಗಳಿಗೆ ಮದುವೆ ಮಾಡಿಸಿ, ಅರಿಶಿನ ಹಚ್ಚಿ, ಮೆರವಣಿಗೆ ತೆಗೆಯುತ್ತೇವೆ. ಆ ಒಂದು ಆಚರಣೆಯಲ್ಲಿ ನಮ್ಮ ಹಿರಿಯರಿಗೆ ಸತ್ಯ ಹೊಳೆದಿತ್ತೇನೋ. ಈ ಜೀವಿಯ ಚರಿತ್ರೆಯೆಲ್ಲ ನೀರಿನ ಚರಿತ್ರೆಯೇ. ನೀರಿದ್ದಲ್ಲಿ ಬೆಳೆದವು, ನೀರು ಬತ್ತಿದಲ್ಲಿ ಕಲ್ಲಾದವು.

ಈ ದೈತ್ಯರನ್ನು ಒಟ್ಟಾರೆ ಟೆಮ್ನೊಸ್ಪಾಂಡಿಲ್‌ಗಳು ಎನ್ನುತ್ತಾರೆ. ಇಂದಿನ ಕಪ್ಪೆಗಳೂ ಇದೇ ದೊಡ್ಡ ಮನೆತನದ ಒಂದು ಪುಟ್ಟ ಕವಲಿನಿಂದ ಬಂದವೆಂದು ಬಹಳ ಮಂದಿ ವಿಜ್ಞಾನಿಗಳ ಮತ. ಹಾಗಾದರೆ ಈ ದೈತ್ಯರು ಕಪ್ಪೆಯ ಅಜ್ಜಂದಿರಲ್ಲ, ದಾಯಾದಿಗಳು. ನೋಡಲು ಕಪ್ಪೆಗಿಂತ ಮೊಸಳೆಗೇ ಹತ್ತಿರ. ಜರ್ಮನಿಯ ಗೈಲ್ಡಾರ್ಫ್‌ನಲ್ಲಿ ಸಿಕ್ಕ ಒಂದು ದೊಡ್ಡ ಹಲ್ಲನ್ನು ನೋಡಿ ಯೇಗರ್ ಎಂಬ ವಿದ್ವಾಂಸರು 1828ರಲ್ಲಿ ಇದು ಸರೀಸೃಪ ಎಂದುಕೊಂಡು ‘ಮ್ಯಾಸ್ಟೊಡೊನ್ಸಾರಸ್’ ಎಂದು ಹೆಸರಿಟ್ಟರು. ಅದೇ ಊರಿನಲ್ಲಿ ಸಿಕ್ಕ ತಲೆಬುರುಡೆಯ ಹಿಂಭಾಗದ ತುಣುಕಿನಲ್ಲಿ, ಕತ್ತಿನ ಮೂಳೆ ಬಂದು ಕೂರುವ ಕಡೆ ಎರಡು ಗುಬಟುಗಳಿದ್ದವು. ಹಲ್ಲಿ, ಮೊಸಳೆಗಳಿಗೆ ಅಲ್ಲಿ ಒಂದೇ ಗುಬಟು, ಕಪ್ಪೆಗಳಿಗೆ ಎರಡು. ಹಾಗಾಗಿ ಆ ತುಣುಕು ಉಭಯವಾಸಿಯದೆಂದು ಸರಿಯಾಗಿ ಗುರುತಿಸಿ ಅದಕ್ಕೆ ಬೇರೆಯೇ ಹೆಸರು ಕೊಟ್ಟರು. ಎರಡೂ ಒಂದೇ ಪ್ರಾಣಿಯವೆಂದು ಗೊತ್ತಾದದ್ದು ಮುಂದೆ, ಇಡೀ ತಲೆಬುರುಡೆ ಸಿಕ್ಕ ಮೇಲೆ. ಆ ಬುರುಡೆಗಳಲ್ಲಿ ದೊಡ್ಡವು ಒಂದು ಮೀಟರಿಗೂ ಉದ್ದ. ಕೆಳದವಡೆಯ ಎರಡು ಕೋರೆಗಳು ಬಾಯಿ ಮುಚ್ಚಿದಾಗ ಮೇಲ್ದವಡೆಯ ತೂತುಗಳನ್ನು ಹಾದು ಮೂತಿಯ ಮೇಲಕ್ಕೆ ಬರುತ್ತಿದ್ದವು. ಈ ಕುಲದ ಪ್ರಾಣಿಗಳನ್ನು ಹೆಸರಿನ ಚೌಕಟ್ಟಿಗೆ ಕೂರಿಸುವ ಕೆಲಸ ಆಗಿನಿಂದ ಇಂದಿನವರೆಗೂ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೇ ನಡೆದಿದೆ. ಒಂದನ್ನು ಕೂರಿಸಿದರೆ ಇನ್ನೊಂದು ನೆಗೆದಿರುತ್ತದೆ.

ಇಂಥ ಬುರುಡೆಯ ಚಿತ್ರವನ್ನು ಹತ್ತಿರದಿಂದ ನೋಡಿ. ರೊಟ್ಟಿ ತಟ್ಟಿದಂತೆ ಚಪ್ಪಟೆ. ಮೇಲ್ಮೈ ತುಂಬ ಗುಳಿಗಳು, ಗುಳಿಗಳ ನಡುವೆ ಏಣುಗಳು. ಜೇನಿನ ಹಲ್ಲೆಯ ಮೇಲೆ ಬೆರಳಾಡಿಸಿದರೆ ಸಿಗುವಂಥ ಉಬ್ಬುತಗ್ಗು. ಈ ಏಣುಗಳ ಮೇಲೆ ಚರ್ಮ ಬಿಗಿಯಾಗಿ ಅಂಟಿಕೊಂಡಿರುತ್ತಿತ್ತು. ಕಣ್ಣುಗಳು ಪಕ್ಕಕ್ಕಲ್ಲ, ಮೇಲಕ್ಕೆ ನೋಡುತ್ತವೆ. ಕೆಸರಿನ ತಳದಲ್ಲಿ ಅಲುಗದೆ ಮಲಗಿ, ನೆತ್ತಿಯ ಮೇಲೆ ಹಾದುಹೋಗುವ ಮೀನಿಗೆ ಕಾಯುವ ಪ್ರಾಣಿಗೆ ಬೇಕಾದ ಕಣ್ಣುಗಳವು. ಗ್ರೀನ್‌ಲ್ಯಾಂಡಿನಲ್ಲಿ ಸಿಕ್ಕ ಗೆರೊಥೊರಾಕ್ಸ್ ಎಂಬುದರ ಕತ್ತಿನ ಕೀಲುಗಳನ್ನು 2008ರಲ್ಲಿ ಪರಿಶೀಲಿಸಿದವರು ಒಂದು ಸೊಗಸಾದ ಸಂಗತಿ ಕಂಡರು. ಅದು ಬಾಯಿ ತೆರೆಯಲು ದವಡೆಯನ್ನು ಕೆಳಗಿಳಿಸುತ್ತಿರಲಿಲ್ಲ. ದವಡೆ ಕೆಸರಿನಲ್ಲೇ ಇರುತ್ತಿತ್ತು, ಟ್ರಂಕಿನ ಮುಚ್ಚಳ ಎತ್ತಿದಂತೆ ತಲೆಯೇ ಮೇಲೇಳುತ್ತಿತ್ತು.

ಕರ್ನಾಟಕದ ನೆಲದಲ್ಲಿ ಇವುಗಳ ಎಲುಬು ಹುಡುಕಿ ಪ್ರಯೋಜನವಿಲ್ಲ. ನಮ್ಮ ಬಂಡೆಗಳಲ್ಲಿ ಬಹುಪಾಲು ವಿಪರೀತ ಹಳೆಯವು, 300 ಕೋಟಿ ವರ್ಷಕ್ಕೂ ಹಿಂದಿನವು ಸಹ ಇವೆ. ಬೆಳಗಾವಿಯಿಂದ ಬೀದರ್‌ವರೆಗಿನ ಕಪ್ಪುಗಲ್ಲು ಲಾವಾ ಆರಿ ಆದದ್ದು. ಈ ಪ್ರಾಣಿಗಳ ಕಾಲದ ಹೊಳೆಕೆಸರು ಕಲ್ಲಾಗಿ ಉಳಿದ ಜಾಗ ಇಲ್ಲಿಲ್ಲ. ಅದು ಇರುವುದು ಹಳೆಯ ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಕವಿರಾಜಮಾರ್ಗ ಹೇಳುವ ಗೋದಾವರಿಯ ಆಚೀಚೆ, ಪ್ರಾಣಹಿತಾ ನದಿ ಬಂದು ಅದನ್ನು ಕೂಡುವ ಕಣಿವೆಯಲ್ಲಿ. ಇಂದಿನ ತೆಲಂಗಾಣದ ಉತ್ತರ ಮೂಲೆಯ ಮಲೇರಿ ಎಂಬ ಹಳ್ಳಿಯ ಹೆಸರು ಜಗತ್ತಿನ ಪಳೆಯುಳಿಕೆ ತಜ್ಞರಿಗೆಲ್ಲ ಗೊತ್ತು. ಅಲ್ಲಿನ ಕೆಂಪು ಜೇಡಿಯ ಪದರಕ್ಕೂ ಆ ಹಳ್ಳಿಯದೇ ಹೆಸರು.

ಈ ಸೀಮೆಯ ಕಲ್ಲುಗಳನ್ನು ಮೊದಲು ಮನಸ್ಸಿಟ್ಟು ನೋಡಿದವರಲ್ಲಿ ನಾಗಪುರದಲ್ಲಿದ್ದ ಸ್ಕಾಟ್ಲೆಂಡಿನ ಪಾದ್ರಿ ಸ್ಟೀಫನ್ ಹಿಸ್ಲಾಪ್ ಮುಖ್ಯರು. ಊರೂರು ತಿರುಗುವ ಕೆಲಸದ ನಡುವೆ ಕಲ್ಲು ಆರಿಸುತ್ತಿದ್ದರು. ನಾಗಪುರದ ದಕ್ಷಿಣಕ್ಕಿರುವ ಮಂಗಳಿಯಲ್ಲಿ ಸಿಕ್ಕ ಒಂದು ಅಗಲವಾದ ಪುಟ್ಟ ಬುರುಡೆ ಲಂಡನ್ ತಲುಪಿತು. 1855ರಲ್ಲಿ ಅದೇ ಓವೆನ್ ಅದಕ್ಕೆ ‘ಬ್ರಾಕಿಯಾಪ್ಸ್’ ಎಂದು ಹೆಸರಿಟ್ಟರು. ಹಿಸ್ಲಾಪ್ 1863ರಲ್ಲಿ ಹಳೆಯ ಶಿಲಾವೃತ್ತಗಳನ್ನು ನೋಡಿ ಮರಳುವಾಗ ಹೊಳೆ ದಾಟುತ್ತ ಮುಳುಗಿ ತೀರಿಕೊಂಡರು. ಮಲೇರಿಯ ಮೊಸಳೆಯಂಥ ಒಂದು ಸರೀಸೃಪದ ಹೆಸರಿನಲ್ಲಿ ಅವರ ಹೆಸರು ಇನ್ನೂ ಉಳಿದಿದೆ, ‘ಪ್ಯಾರಾಸೂಕಸ್ ಹಿಸ್ಲೋಪಿ’.

ಆಮೇಲಿನ ದೊಡ್ಡ ಕೆಲಸ ನಡೆದದ್ದು ಸ್ವಾತಂತ್ರ್ಯದ ನಂತರ, ಅದೂ ಒಬ್ಬ ಸಂಖ್ಯಾಶಾಸ್ತ್ರಜ್ಞರ ದೂರದೃಷ್ಟಿಯಿಂದ. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪಿ. ಸಿ. ಮಹಲನೋಬಿಸ್ 1957ರಲ್ಲಿ ಲಂಡನ್ನಿನ ಪಮೇಲಾ ರಾಬಿನ್‌ಸನ್ ಅವರನ್ನು ಕರೆಸಿ ಭೂವಿಜ್ಞಾನದ ತಂಡ ಕಟ್ಟಿಸಿದರು. ಆ ತಂಡ ಗೋದಾವರಿ ಕಣಿವೆಯ ಕೆಂಪು ಮಣ್ಣಿನಲ್ಲಿ ಬಿಡಾರ ಹೂಡಿತು. ಇಂಥ ನೆಲದಲ್ಲಿ ಅಗೆತಕ್ಕಿಂತ ನಡೆತವೇ ಜಾಸ್ತಿ. ಮಳೆ ಜೇಡಿಯನ್ನು ಕೊಚ್ಚಿಕೊಂಡು ಹೋದ ಮೇಲೆ ಗಟ್ಟಿಯಾದ ಎಲುಬಿನ ಚೂರು ಮೇಲೆ ಉಳಿಯುತ್ತದೆ. ಬಗ್ಗಿ ನಡೆಯುತ್ತ, ಸಾವಿರ ಕಲ್ಲುಚೂರುಗಳ ನಡುವೆ ಆ ಗುಳಿ ಏಣಿನ ಗುರುತಿರುವ ಒಂದನ್ನು ಕಣ್ಣು ಹಿಡಿಯಬೇಕು. ಹೀಗೆ ಸಿಕ್ಕ ಮಲೇರಿಯ ಉಭಯವಾಸಿಯನ್ನು ತಪನ್ ರಾಯ್‌ಚೌಧುರಿ 1965ರಲ್ಲಿ ವಿವರವಾಗಿ ವರ್ಣಿಸಿದರು. ಮೊಳದುದ್ದದ ಬುರುಡೆ, ಮೂತಿಯ ಹತ್ತಿರಕ್ಕೇ ಬಂದು ಕೂತ ಕಣ್ಣು, ಬಲವಾದ ಎದೆಯ ಫಲಕಗಳು, ಗಿಡ್ಡ ಕಾಲು. ಸುಮಾರು 23 ಕೋಟಿ ವರ್ಷಗಳ ಹಿಂದಿನ ಪ್ರಾಣಿ. ಜಗತ್ತಿನ ಮೊಟ್ಟಮೊದಲ ಡೈನೋಸಾರ್‌ಗಳು ಇನ್ನೂ ಚಿಕ್ಕವಾಗಿ, ಅಂಚಿನಲ್ಲಿ ಓಡಾಡಿಕೊಂಡಿದ್ದ ಕಾಲವದು. ಹೊಳೆಯ ಯಜಮಾನಿಕೆ ಇವುಗಳದು, ಪ್ಯಾರಾಸೂಕಸ್‌ನದು. ಐವತ್ತು ವರ್ಷ ಮೆಟೊಪೊಸಾರಸ್ ಎಂಬ ಯುರೋಪಿನ ಪ್ರಾಣಿಯ ಬಳಗದಲ್ಲೇ ಇದನ್ನು ಎಣಿಸುತ್ತಿದ್ದರು. 2019ರಲ್ಲಿ ಸಂಜುಕ್ತಾ ಚಕ್ರವರ್ತಿ ಮತ್ತು ಧೂರ್ಜಟಿ ಸೇನ್‌ಗುಪ್ತ ಇದು ಬೇರೆಯೇ ಎಂದು ತೋರಿಸಿ ‘ಪಂಥಸಾರಸ್ ಮಲೇರಿಯೆನ್ಸಿಸ್’ ಎಂದು ಕರೆದರು. ಆ ಕೆಂಪು ಮಣ್ಣಿನ ಹಳ್ಳಿಯ ಹೆಸರು ಮಾತ್ರ ಹಾಗೇ ಉಳಿಯಿತು.

ಈ ಬಳಗದ ಇನ್ನೊಂದು ವಿಶೇಷ ಮನಸ್ಸು ಕಲಕುವಂಥದು. ಪೋಲೆಂಡಿನ ಕ್ರಾಶೆಯುಫ್, ಅಮೆರಿಕದ ಲಾಮಿ, ಮೊರಾಕ್ಕೊದ ಅರ್ಗಾನಾ, ಪೋರ್ಚುಗಲ್ಲಿನ ಅಲ್ಗಾರ್ವ್ ಸೀಮೆ, ಎಲ್ಲ ಕಡೆಯೂ ಇವು ಒಂದೊಂದಾಗಿ ಸಿಕ್ಕಿಲ್ಲ, ರಾಶಿರಾಶಿಯಾಗಿ ಸಿಕ್ಕಿವೆ. ಬುರುಡೆಯ ಮೇಲೆ ಬುರುಡೆ. ಕೆಲವೆಡೆ ನೆರೆ ಕೊಚ್ಚಿ ತಂದು ಗುಡ್ಡೆ ಹಾಕಿರಬಹುದು. ಕೆಲವೆಡೆ ನೀರು ಇಳಿಯುತ್ತ ಇಳಿಯುತ್ತ ಕೊನೆಯ ಮಡುವಿಗೆ ಎಲ್ಲವೂ ಬಂದು ಸೇರಿ, ಅದೂ ಬತ್ತಿದಾಗ ಒಟ್ಟಿಗೆ ಸತ್ತಿರಬಹುದು. ಆಗ ಭೂಖಂಡಗಳೆಲ್ಲ ಕೂಡಿಕೊಂಡು ಒಂದೇ ಮಹಾಖಂಡವಾಗಿದ್ದವು. ಭಯಂಕರ ಮಳೆಗಾಲ, ಅದರ ಬೆನ್ನಿಗೆ ಅಷ್ಟೇ ದೀರ್ಘವಾದ ಬೇಸಗೆ. ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳ ಕೆರೆಯ ನಡುವಿನ ಕೊನೆಯ ಗುಂಡಿಯಲ್ಲಿ ಮೀನು, ಏಡಿ, ಕಪ್ಪೆಗಳು ಒತ್ತರಿಸಿಕೊಂಡಿರುವುದನ್ನು ಕಂಡಿದ್ದೇವೆ.

ನಮ್ಮೂರ ಕೆರೆಯ ಹೂಳೆತ್ತುವಾಗ ನಡೆದ ಒಂದು ಘಟನೆ ನೆನಪಾಗುತ್ತದೆ. ಏಪ್ರಿಲ್ ಕೊನೆ, ಕೆರೆಯಂಗಳ ಬಿರುಕು ಬಿಟ್ಟು ಹಂಚಿನ ಹಾಗೆ ಒಣಗಿತ್ತು. ಗದ್ದೆಗೆ ಗೋಡು ಹೊಡೆಯುತ್ತಿದ್ದರು. ನಾನು ಹುಡುಗ. ಒಂದು ದೊಡ್ಡ ಹೆಂಟೆಯನ್ನು ಕಾಲಲ್ಲಿ ಒದೆಯಲು ಹೋದೆ. ದೊಡ್ಡಪ್ಪ ತಡೆದರು. “ಬ್ಯಾಡ ಮಗ, ಅದ್ರೊಳಗೆ ಜೀವ ಐತೆ” ಎಂದರು. ಹೆಂಟೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಬಿರಿಸಿದರೆ ಒಳಗೊಂದು ನುಣುಪಾದ ಗೂಡು. ಅದರಲ್ಲಿ ಕೈಕಾಲು ಮಡಿಚಿ, ಕಣ್ಣು ಒಳಗೆಳೆದುಕೊಂಡು ಕೂತ ಒಂದು ಕಪ್ಪೆ. ಬಣ್ಣ ಅದೇ ಮಣ್ಣಿನದು. ಸತ್ತಿದೆ ಎಂದುಕೊಂಡೆ. ದೊಡ್ಡಪ್ಪ ಕುಡಿಯುವ ನೀರಿನ ಚೊಂಬಿನಿಂದ ಒಂದಿಷ್ಟು ಚಿಮುಕಿಸಿದರು. ಸ್ವಲ್ಪ ಹೊತ್ತಿಗೆ ಗಂಟಲು ಮಿಡಿಯಿತು. ಆಮೇಲೆ ಒಂದು ಕಣ್ಣು ತೆರೆಯಿತು. ಅವರು ಅದನ್ನು ಹೆಂಟೆಸಮೇತ ಒಯ್ದು ತೂಬಿನ ಹತ್ತಿರದ ತೇವದಲ್ಲಿ ಇಟ್ಟು ಬಂದರು.

2024ರಲ್ಲಿ ಅಮೆರಿಕದ ವಯೋಮಿಂಗ್‌ನಿಂದ ಬಂದ ಸುದ್ದಿ ಓದಿದಾಗ ಆ ಹೆಂಟೆ ಕಣ್ಣ ಮುಂದೆ ಬಂತು. ಅಲ್ಲಿನ 23 ಕೋಟಿ ವರ್ಷ ಹಳೆಯ ಕೆಂಪು ಕಲ್ಲಿನಲ್ಲಿ ಕೊಳವೆಯಾಕಾರದ ಬಿಲಗಳು ಹತ್ತಾರು ಸಿಕ್ಕವು. ಒಳಗೆ ಒಂದು ಪುಟ್ಟ ಟೆಮ್ನೊಸ್ಪಾಂಡಿಲ್‌ನ ಎಲುಬುಗಳು. ಬೇಸಗೆಯಲ್ಲಿ ಹೊಳೆದಂಡೆಯ ಕೆಸರಿಗೆ ಇಳಿದು, ಮಳೆಯವರೆಗೆ ನಿದ್ದೆ ಹೋಗುತ್ತಿದ್ದ ಪ್ರಾಣಿ. ಕೆಲವಕ್ಕೆ ಮಳೆ ಬರಲೇ ಇಲ್ಲ. ಆ ನೆಲ ಶೊಶೋನಿ ಬುಡಕಟ್ಟಿನ ಜನರದು. ಅವರ ಹಿರಿಯರೂ ಶಾಲಾಮಕ್ಕಳೂ ಸೇರಿ ತಮ್ಮ ಭಾಷೆಯಲ್ಲೇ ಅದಕ್ಕೆ ಹೆಸರು ಕೊಟ್ಟರು, ‘ನಿನುಂಬೀಹನ್ ಡೂಕೂಡುಕಾ’. ನೆಲದ ಮಕ್ಕಳ ಬಾಯಲ್ಲಿ ಹೆಸರು ಹುಟ್ಟಿದ್ದು ನನಗೆ ಆ ಶೋಧದಷ್ಟೇ ಸಂತೋಷ ಕೊಟ್ಟಿತು.

ಸುಮಾರು 20 ಕೋಟಿ ವರ್ಷಗಳ ಹಿಂದೆ ಟ್ರಯಾಸಿಕ್ ಯುಗ ಮಹಾನಾಶದಲ್ಲಿ ಮುಗಿದಾಗ ಈ ದೈತ್ಯರಲ್ಲಿ ಬಹುಪಾಲು ಅಳಿದವು. ಡೈನೋಸಾರ್‌ಗಳು ನೆಲ ತುಂಬಿದವು, ಮೊಸಳೆಗಳು ಹೊಳೆ ಹಿಡಿದವು. ಅಲ್ಲಿಗೆ ಕಥೆ ಮುಗಿಯಿತೆಂದೇ ಬಹುಕಾಲ ತಿಳಿದಿದ್ದರು. ಆದರೆ 1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಕಡಲತೀರದಲ್ಲಿ ದವಡೆಯ ಒಂದು ತುಣುಕು ಸಿಕ್ಕಿತು. ಬಂಡೆಯ ವಯಸ್ಸು ಸುಮಾರು 12 ಕೋಟಿ ವರ್ಷ. ಇಷ್ಟು ಈಚಿನ ಕಲ್ಲಿನಲ್ಲಿ ಟೆಮ್ನೊಸ್ಪಾಂಡಿಲ್ ಇರುವುದು ಹೇಗೆ ಎಂಬ ಅನುಮಾನ ವರ್ಷಗಟ್ಟಲೆ ಉಳಿಯಿತು. ಮುಂದೆ ಪೂರ್ಣ ದವಡೆಗಳೇ ಸಿಕ್ಕು, 1997ರಲ್ಲಿ ಆನ್ ವಾರೆನ್, ಥಾಮಸ್ ರಿಚ್, ಪೆಟ್ರೀಷಿಯಾ ವಿಕರ್ಸ್ ರಿಚ್ ಮೂವರೂ ಸೇರಿ ‘ಕೂಲಸೂಕಸ್ ಕ್ಲೀಲ್ಯಾಂಡಿ’ ಎಂದು ನಾಮಕರಣ ಮಾಡಿದರು. ಲೆಸ್ಲಿ ಕೂಲ್ ಮತ್ತು ಮೈಕ್ ಕ್ಲೀಲ್ಯಾಂಡ್ ಎಂಬ ಪಳೆಯುಳಿಕೆ ಶೋಧಕರ ಗೌರವಾರ್ಥ ಇಟ್ಟ ಹೆಸರು. ಇಂಗ್ಲಿಷಿನಲ್ಲಿ ತಂಪು ಎಂಬ ಅರ್ಥವೂ ಅದರಲ್ಲಿ ಕೇಳಿಸುತ್ತದೆ, ಗುಟ್ಟೂ ಅಲ್ಲೇ ಇದೆ. ಆಗ ವಿಕ್ಟೋರಿಯಾ ದಕ್ಷಿಣ ಧ್ರುವವೃತ್ತದ ಒಳಗಿತ್ತು. ಚಳಿಗಾಲದಲ್ಲಿ ಸೂರ್ಯನೇ ಕಾಣದ ಕತ್ತಲೆ. ಅಂಥ ಕೊರೆಯುವ ಹೊಳೆಗೆ ಮೊಸಳೆ ಬರಲಾರದು. ಹಲವು ಮೀಟರ್ ಉದ್ದದ ಈ ಉಭಯವಾಸಿ ಅಲ್ಲಿ ಪ್ರತಿಸ್ಪರ್ಧಿಗಳಿಲ್ಲದೆ ಬಾಳಿತು. ಹವೆ ಬೆಚ್ಚಗಾದ ಮೇಲಿನ ಬಂಡೆಗಳಲ್ಲಿ ಮೊಸಳೆಗಳ ಕುರುಹು ಸಿಗುತ್ತದೆ, ಕೂಲಸೂಕಸ್ ಸಿಗುವುದಿಲ್ಲ. ತಂಪು ನೀರಿದ್ದಷ್ಟು ದಿನ ಅದರ ಬಾಳು. 2022ರ ಜನವರಿಯಲ್ಲಿ ವಿಕ್ಟೋರಿಯಾ ಅದನ್ನು ತನ್ನ ರಾಜ್ಯದ ಪಳೆಯುಳಿಕೆ ಎಂದು ಘೋಷಿಸಿತು, ಅದೂ ಜನರ ಮತ ಪಡೆದು. ನಾವು ರಾಜ್ಯಪಕ್ಷಿ, ರಾಜ್ಯವೃಕ್ಷ ಎನ್ನುವ ಹಾಗೆ.

ದೈತ್ಯರು ಹೋದರು, ಸಣ್ಣವು ಉಳಿದವು. ಮುಂಬೈಯ ವರ್ಲಿ ಗುಡ್ಡದ ಕಲ್ಲಿನಲ್ಲಿ ಇದಕ್ಕೆ ಸಾಕ್ಷಿ ಸಿಕ್ಕಿತ್ತು. ಎರಡು ಲಾವಾ ಹಾಸುಗಳ ನಡುವೆ ಸಿಕ್ಕಿಕೊಂಡ ಒಂದು ಕೆರೆಕೆಸರಿನ ಪದರ, ಅದರಲ್ಲಿ ಅಚ್ಚೊತ್ತಿದಂತೆ ಪುಟ್ಟ ಕಪ್ಪೆಗಳ ಅಸ್ಥಿಪಂಜರಗಳು. ಹೆಬ್ಬೆರಳ ಗೆಣ್ಣಿನಷ್ಟೇ ಗಾತ್ರ. 1847ರಲ್ಲಿ ಇವನ್ನು ವರ್ಣಿಸಿದವರೂ ಓವೆನ್ನೇ. ಪುಟಾಣಿ ಎಂಬ ಅರ್ಥದ ‘ಪುಸಿಲ್ಲ’ ಎಂದು ಕರೆದರು. 1930ರಲ್ಲಿ ನೋಬಲ್ ಎಂಬುವರು ‘ಇಂಡೊಬ್ಯಾಟ್ರಾಕಸ್’ ಎಂಬ ಹೊಸ ಕುಲನಾಮ ಕೊಟ್ಟರು, ಭಾರತದ ಕಪ್ಪೆ ಎಂದೇ ಅದರರ್ಥ. ಕಾಲ ಸುಮಾರು 6.5 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಹೊಸ್ತಿಲಲ್ಲಿ. ಗೋಲಗುಮ್ಮಟಕ್ಕೆ ಕಲ್ಲು ಕೊಟ್ಟ, ಎರೆಭೂಮಿಗೆ ಕಪ್ಪು ಕೊಟ್ಟ ಅದೇ ದಖ್ಖನ್ ಲಾವಾ ಹರಿಯುತ್ತಿದ್ದ ಕಾಲ. ಒಂದು ಹಾಸು ಆರಿ, ಅದರ ತಗ್ಗಿನಲ್ಲಿ ಮಳೆನೀರು ನಿಂತು, ಕೆರೆಯಾಗಿ, ಅಲ್ಲಿಗೆ ಕಪ್ಪೆ ಬಂದು ಸಂಸಾರ ಹೂಡಿತು. ಮುಂದಿನ ಹಾಸು ಬಂದು ಕೆರೆಯನ್ನು ಮುಚ್ಚಿತು. ವರ್ಲಿಯಲ್ಲಿ ಈಗ ಗಗನಚುಂಬಿ ಕಟ್ಟಡಗಳಿವೆ. ಅಲ್ಲಿ ದಿನವೂ ಓಡಾಡುವ ನಮ್ಮ ಮುಂಬೈ ಕನ್ನಡಿಗರು ಒಮ್ಮೆ ಕಾಲ ಕೆಳಗಿನ ಕಲ್ಲನ್ನು ನೆನೆಯಲಿ.

ಬೆಂಕಿಯ ಹೊಳೆಗಳ ನಡುವೆ ಬದುಕುಳಿದ ಕಪ್ಪೆಗಳ ಹಳೆಯ ಮನೆತನಗಳು ಸಹ್ಯಾದ್ರಿಯಲ್ಲಿ ಇನ್ನೂ ಇವೆ. 2003ರಲ್ಲಿ ಎಸ್. ಡಿ. ಬಿಜು ಮತ್ತು ಫ್ರಾಂಕಿ ಬೋಸ್ಯೂಟ್ ಕೇರಳದ ಇಡುಕ್ಕಿಯಿಂದ ಲೋಕಕ್ಕೆ ಪರಿಚಯಿಸಿದ ನೇರಳೆ ಬಣ್ಣದ ಕಪ್ಪೆಯ ಹತ್ತಿರದ ನೆಂಟರು ಇರುವುದು ಸಮುದ್ರದಾಚೆ ಸೆಶೆಲ್ಸ್ ದ್ವೀಪಗಳಲ್ಲಿ. ವರ್ಷವಿಡೀ ನೆಲದೊಳಗಿದ್ದು, ಮಳೆಯ ಆರಂಭದ ಕೆಲವೇ ದಿನ ಮರಿ ಮಾಡಲು ಹೊರಬರುತ್ತದೆ. ಬಾವಿ ಕಪ್ಪೆ ಎಂದು ಹಳಿಯುವ ಜೀವಿಯ ವಂಶ ಖಂಡಗಳು ಒಡೆಯುವುದನ್ನು ನೋಡಿದೆ.

ನಮ್ಮದೇ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಇನ್ನೊಂದಿದೆ. ಗುರುರಾಜ ಕೆ. ವಿ. ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ಸಾರಿ, ಕುಂಬಾರ ಕಪ್ಪೆ ಎಂಬ ಅಚ್ಚಗನ್ನಡ ಹೆಸರಿಟ್ಟರು. ವಿಜ್ಞಾನದ ಹೆಸರೂ ‘ನಿಕ್ಟಿಬಾಟ್ರಾಕಸ್ ಕುಂಬಾರ’ ಎಂದೇ. ಹಳ್ಳದ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಹೆಣ್ಣು ಮೊಟ್ಟೆಯಿಟ್ಟ ಮೇಲೆ, ಗಂಡು ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ಬಾಚಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ತರುತ್ತದೆ. ಮೊಟ್ಟೆ ಒಣಗಬಾರದು, ಅಷ್ಟೇ ಅದರ ಚಿಂತೆ.

ಜಗತ್ತಿನ 8,000ಕ್ಕೂ ಹೆಚ್ಚು ಉಭಯವಾಸಿ ಪ್ರಭೇದಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಲೆಕ್ಕದಂತೆ, ಪ್ರತಿ ಐದರಲ್ಲಿ ಎರಡು ಅಳಿವಿನ ಅಂಚಿನ ಕಡೆಗೆ ಸಾಗಿವೆ. ಬೆನ್ನೆಲುಬಿನ ಪ್ರಾಣಿಗಳಲ್ಲಿ ಇಷ್ಟು ಅಪಾಯದಲ್ಲಿರುವ ಗುಂಪು ಇನ್ನೊಂದಿಲ್ಲ. ಕಾಡು ಕಡಿದದ್ದು, ಹಳ್ಳ ತಿರುಗಿಸಿದ್ದು, ಚರ್ಮಕ್ಕೆ ಬರುವ ಬೂಷ್ಟು ರೋಗ, ಬಿಸಿಯೇರುವ ಹವೆ, ಕಾರಣಗಳು ಗೊತ್ತಿರುವಂಥವೇ. ಕಾಡುಹಳ್ಳಕ್ಕೆ ಪೈಪು ಹಾಕುವವರು ಬೇಸಗೆಯಲ್ಲಿ ಅದರ ತಳ ತೇವವಾಗಿರುವಷ್ಟು ನೀರನ್ನಾದರೂ ಬಿಡಬೇಕು. ಇನ್ನು ಈ ಮಳೆಗಾಲ ಮಲೆನಾಡಿನ ಕಡೆ ಹೋಗುವವರಿಗೆ ನನ್ನದೊಂದು ಬಿನ್ನಹ. ಹಳ್ಳದ ದಂಡೆಯ ಕಡ್ಡಿಯ ಮೇಲೆ ಹಸಿ ಮಣ್ಣು ಮೆತ್ತಿದ್ದು ಕಂಡರೆ ಕೈ ಹಾಕಬೇಡಿ. ಅದರೊಳಗೆ ಜೀವ ಇದೆ.